ಸ್ಕೂಟರ್ ಬರುತ್ತೆ, ಗೇರ್ ಬೈಕ್ ಕಲೀಬೇಕು: ತರಬೇತಿಗೆ ಹೋಗೋದಾ, ಮೈದಾನದಲ್ಲಿ ಸುತ್ತೋದಾ?

ಹೊಸಗೇರು
ಎಲ್ಲರಿಗೂ ನಮಸ್ಕಾರ. ಗೇರ್ ಇಲ್ಲದ ಸ್ಕೂಟರ್‌ಗೆ ಲೈಸೆನ್ಸ್ ಇದೆ. ಈಗ 125 ಸಿಸಿ ಗೇರ್ ಬೈಕ್ ತಗೊಳ್ಳೋ ಯೋಚನೆ. ಹಳೇ ಲೈಸೆನ್ಸ್ ಸಾಕಾ, ಮತ್ತೆ ಎಲ್‌ಎಲ್‌ಆರ್ (ಕಲಿಯೋರ ಲೈಸೆನ್ಸ್) ಮಾಡಿಸಬೇಕಾ? ದುಡ್ಡು ಕೊಟ್ಟು ತರಬೇತಿಗೆ ಸೇರಿದ್ರೆ ಏನೇನು, ಯಾವ ಕ್ರಮದಲ್ಲಿ ಹೇಳಿಕೊಡಬೇಕು? ಎತ್ತರ 5 ಅಡಿ 1 ಇಂಚು, ಅದೂ ಒಂದು ಚಿಂತೆ. ಮನೇಲಿ ಎಲ್ಲರದ್ದೂ ಒಂದೇ ಮಾತು: ಎರಡು ಭಾನುವಾರ ಮೈದಾನದಲ್ಲಿ ಸುತ್ತಿದ್ರೆ ಬಂದುಬಿಡುತ್ತೆ, ತರಬೇತಿ ಎಲ್ಲ ದಂಡ. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಆರ್‌ಟಿಒ_ಅಲೆಮಾರಿ
ಮೊದಲು ಕಾಗದದ ವಿಷಯ. ಗೇರ್ ಇಲ್ಲದ್ದು ಬೇರೆ ವರ್ಗ, ಗೇರ್ ಇರೋದು ಬೇರೆ ವರ್ಗ. ನಿಮ್ಮದರಲ್ಲಿ ಗೇರ್ ಬೈಕ್ ಓಡಿಸೋ ಹಾಗಿಲ್ಲ. ಆ ವರ್ಗಕ್ಕೆ ಹೊಸ ಎಲ್‌ಎಲ್‌ಆರ್ ತಗೊಂಡು, ಆಮೇಲೆ ಈಗಿರೋ ಲೈಸೆನ್ಸ್‌ಗೇ ಸೇರಿಸಬೇಕು. ಅರ್ಜಿ ಹಾಕೋದೆಲ್ಲಾ ಸಾರಥಿ ಅನ್ನೋ ಸರ್ಕಾರಿ ಪೋರ್ಟಲ್‌ನಲ್ಲೇ ಆಗುತ್ತೆ. ಎಲ್‌ಎಲ್‌ಆರ್ ಆರು ತಿಂಗಳು ಚಾಲ್ತಿಯಲ್ಲಿರುತ್ತೆ, 30 ದಿನ ಕಳೆದ ಮೇಲೆ ಟೆಸ್ಟ್‌ಗೆ ಹೋಗಬಹುದು. ಫೇಲಾದ್ರೆ ಏಳು ದಿನ ಬಿಟ್ಟು ಮತ್ತೆ. ಮೂರು ಸಲ ಫೇಲಾದ್ರೆ 60 ದಿನ ಕಾಯಬೇಕು.

ಟೆಸ್ಟ್‌ಗೆ ಗೇರ್ ಬೈಕೇ ತಗೊಂಡು ಹೋಗಿ. ಸ್ಕೂಟರ್‌ನಲ್ಲಿ ಎಂಟು ಹಾಕೋದು (8ರ ಆಕಾರದಲ್ಲಿ ಸುತ್ತೋದು) ಸುಲಭ ಅಂತ ಹೋದ್ರೆ ಸಿಗೋದೂ ಸ್ಕೂಟರ್ ಲೈಸೆನ್ಸೇ. ಗಾಡಿಯ ಇನ್ಶೂರೆನ್ಸ್, ಹೊಗೆ ತಪಾಸಣೆ ಚೀಟಿ ಚಾಲ್ತಿಯಲ್ಲಿರಲಿ.

ಎಲ್ ಬೋರ್ಡ್ ಹಿಂದೆ ಮುಂದೆ ಎರಡೂ ಕಡೆ ಬೇಕು. ಅಳತೆ ಕೂಡ ಇದೆ: ಬಿಳಿ ಹಿನ್ನೆಲೆ, ಕನಿಷ್ಠ 18 ಸೆಂ.ಮೀ. ಚೌಕ, ಕೆಂಪು ಅಕ್ಷರ 10 ಸೆಂ.ಮೀ. ಎತ್ತರ. ಕೆಂಪು ಟೇಪ್‌ನಲ್ಲಿ ಮಡ್‌ಗಾರ್ಡ್ ಮೇಲೆ ಎರಡು ಗೆರೆ ಎಳೆದ್ರೆ ಅದು ಬೋರ್ಡ್ ಅಲ್ಲ.

ಧೂಳೆಬ್ಬಿಸು
ತರಬೇತಿ ಎಲ್ಲ ಕಾರಿಗೆ ಗುರು. ಬೈಕ್‌ಗೆ ಯಾಕೆ? ಕ್ಲಚ್ ಬಿಡೋದು, ಗೇರ್ ಹಾಕೋದು, ಎಂಟು ಹೊಡೆಯೋದು. ಮೂರೇ ವಿಷಯ.

ಕೋನ್‌ಕಾಕ
@ಧೂಳೆಬ್ಬಿಸು ನಾಲ್ಕನೇದು ಬಿಟ್ರಿ: ನಿಲ್ಲಿಸೋದು. ಮೈದಾನದಲ್ಲಿ ಕಲಿತವರು ಬಿಡೋದು ಅದನ್ನೇ. ಎಂಟನ್ನ ಹಾಕೋದು ಒಂದನೇ ಗೇರಲ್ಲಿ, ನಡೆಯೋ ವೇಗಕ್ಕಿಂತ ಸ್ವಲ್ಪ ಜಾಸ್ತಿ. ಅದು ಬ್ಯಾಲೆನ್ಸ್ ನೋಡೋಕೆ ಸರಿ. 40ರಲ್ಲಿ ಹೋಗ್ತಾ ಎದುರಿಗೆ ನಾಯಿ ಬಂದಾಗ ಕೈಕಾಲು ಏನು ಮಾಡ್ತವೆ ಅನ್ನೋದು ಎಂಟರಲ್ಲಿ ಗೊತ್ತಾಗಲ್ಲ.

@ಹೊಸಗೇರು ಸ್ಕೂಟರ್‌ನಿಂದ ಬರೋರಿಗೆ ಇದು ಇನ್ನೂ ಮುಖ್ಯ. ಸ್ಕೂಟರ್‌ನಲ್ಲಿ ಎಡಗೈ ಅಂದ್ರೆ ಹಿಂದಿನ ಬ್ರೇಕ್. ಬೈಕ್‌ನಲ್ಲಿ ಅದೇ ಜಾಗದಲ್ಲಿ ಕ್ಲಚ್, ಹಿಂದಿನ ಬ್ರೇಕ್ ಬಲಗಾಲಿಗೆ. ಗಾಬರಿಯಾದಾಗ ಹಳೇ ಅಭ್ಯಾಸಕ್ಕೆ ಎರಡೂ ಕೈ ಗಟ್ಟಿಯಾಗಿ ಹಿಡೀತೀರಿ. ಎಡಗಡೆ ಕ್ಲಚ್ ಬಿದ್ದು ಇಂಜಿನ್ ತಡೆ ಹೋಯ್ತು, ಬಲಗಡೆ ಮುಂದಿನ ಬ್ರೇಕ್ ಒಂದೇ ಸಲ ಕಚ್ಚಿತು, ಬಲಗಾಲು ಮಾತ್ರ ಸುಮ್ಮನೆ ಕೂತಿದೆ, ಯಾಕಂದ್ರೆ ಸ್ಕೂಟರ್‌ನಲ್ಲಿ ಅದಕ್ಕೆ ಕೆಲಸವೇ ಇರಲಿಲ್ಲ. ಈ ಬಲಗಾಲನ್ನ ಎಬ್ಬಿಸೋದೇ ನಿಮ್ಮ ಅರ್ಧ ತರಬೇತಿ.

ಕ್ರಮ ಹೀಗಿರಬೇಕು. ಮೊದಲು ಇಂಜಿನ್ ಆಫ್. ಎಡಗಡೆಯಿಂದ, ಮುಂದಿನ ಬ್ರೇಕ್ ಹಿಡಿದು ಹತ್ತೋದು. ಗಾಡಿ ತಳ್ಳೋದು, ಎಡಕ್ಕೂ ಬಲಕ್ಕೂ ತಿರುಗಿಸಿ ತಳ್ಳೋದು, ಸ್ಟ್ಯಾಂಡ್ ಹಾಕೋದು ತೆಗೆಯೋದು. ತೂಕ ಎಲ್ಲಿಗೆ ಬೀಳುತ್ತೆ ಅಂತ ಮೈಗೆ ಗೊತ್ತಾಗೋದು ಇಲ್ಲೇ, ಅರ್ಧ ಗಂಟೆ ಸಾಕು. ಆಮೇಲೆ ಇಂಜಿನ್ ಆನ್, ಒಂದನೇ ಗೇರ್, ಎರಡೂ ಕಾಲು ನೆಲದ ಮೇಲೆ. ಆಕ್ಸಿಲರೇಟರ್ ಮುಟ್ಟಬಾರದು. ಕ್ಲಚ್ ನಿಧಾನಕ್ಕೆ ಬಿಟ್ಟಾಗ ಗಾಡಿ ಮುಂದಕ್ಕೆ ಮಿಸುಕುತ್ತಲ್ಲ, ಅಲ್ಲೇ ನಿಲ್ಲಿಸಿ ವಾಪಸ್ ಹಿಡೀಬೇಕು. ಮಿಸುಕು, ಹಿಡಿ, ಮಿಸುಕು, ಹಿಡಿ. ಲಿವರ್ ಎಲ್ಲಿ ಕಚ್ಚುತ್ತೆ ಅಂತ ಬೆರಳಿಗೆ ತಿಳಿಯೋವರೆಗೂ ಇದೇ. ಗೆಳೆಯರು ಇದನ್ನ ಎರಡು ನಿಮಿಷಕ್ಕೆ ಮುಗಿಸಿ "ಈಗ ಆಕ್ಸಿಲರೇಟರ್ ಕೊಡು" ಅಂತಾರೆ. ಗಾಡಿ ಎಗರೋದು ಆಗ.

ಆಮೇಲೆ 20 ಮೀಟರ್ ನೇರ ಹೋಗಿ ನಿಲ್ಲೋದು. ಮತ್ತೆ ಅದೇ. ನಿಲ್ಲೋದು ಸಲೀಸಾದ ಮೇಲೇ ಎರಡನೇ ಗೇರ್. ಅದಾದ ಮೇಲೆ ತಿರುವು, ನಿಧಾನದ ಓಟ, ಎಂಟು. ಕೊನೆಗೆ 20, 30, 40ರಿಂದ ಗಟ್ಟಿ ಬ್ರೇಕ್, ಅಡ್ಡಿ ತಪ್ಪಿಸಿ ಪಕ್ಕಕ್ಕೆ ಸರಿಯೋದು. ಇಷ್ಟಾಗದೆ ರಸ್ತೆ ಬೇಡ.

ಆರ್‌ಟಿಒ_ಅಲೆಮಾರಿ
ಸಣ್ಣ ತಿದ್ದುಪಡಿ. ಟೆಸ್ಟ್‌ನಲ್ಲಿ ಬ್ರೇಕ್ ನೋಡಬೇಕು ಅಂತ ನಿಯಮದಲ್ಲಿ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮದ ಪಟ್ಟಿಯಲ್ಲಿ ತುರ್ತಾಗಿ ನಿಲ್ಲಿಸೋದೂ ಸೇರಿದೆ. ಜನ ಎಂಟನ್ನ ಮಾತ್ರ ಅಭ್ಯಾಸ ಮಾಡಿ ಹೋಗ್ತಾರೆ, ಅಷ್ಟೇ.

ಎರಿಮಣ್ಣು_ಗದಗ
ಮುಂದಿನ ಬ್ರೇಕ್ ಕಲಿಸೂದು ಭಾಳ ದೊಡ್ಡದು ಮಾಡಬ್ಯಾಡ್ರಿ. ನಮ್ಮ ಕಡೆ ಎರಿಮಣ್ಣಿನ ದಾರ್ಯಾಗ ಮಳಿ ಬಿದ್ದಾಗ ಮುಂದಿನ ಬ್ರೇಕ್ ಹಿಡದ್ರ ಗಾಡಿ ನೆಲಕ್ಕ. ಹಿರ್ಯಾರು ಹಿಂದಿನ ಬ್ರೇಕ್ ಅಷ್ಟ ತುಳಿ ಅನ್ನೂದು ಸುಮ್ಮನ ಅಲ್ರಿ.

ಕೋನ್‌ಕಾಕ
@ಎರಿಮಣ್ಣು_ಗದಗ ಹಸಿ ಎರೆಮಣ್ಣಿನ ಮೇಲೆ ನೀವು ಹೇಳೋದು ನೂರಕ್ಕೆ ನೂರು ಸರಿ. ಅಲ್ಲಿ ಟೈರಿನ ಗೀರುಗಳಿಗೆಲ್ಲ ಮಣ್ಣು ತುಂಬಿ ಹಿಡಿತವೇ ಇರಲ್ಲ. ಆದ್ರೆ ಅದೇ ಪಾಠ ಒಣ ಡಾಂಬರಿಗೆ ತಂದ್ರೆ ಕಷ್ಟ. ಲೆಕ್ಕ ನೋಡಿ. ಒಣ ರಸ್ತೇಲಿ ಎರಡೂ ಬ್ರೇಕ್ ಸರಿಯಾಗಿ ಬಳಸಿದ್ರೆ ಸೆಕೆಂಡಿಗೆ ಸೆಕೆಂಡಿಗೆ 6 ಮೀಟರ್‌ನಷ್ಟು ವೇಗ ಇಳಿಸಬಹುದು, ಹಿಂದಿನದು ಒಂದೇ ಆದ್ರೆ ಸುಮಾರು ಅದರ ಅರ್ಧ. 40ರಿಂದ ನಿಲ್ಲೋಕೆ ಎರಡೂ ಬ್ರೇಕ್‌ಗೆ 10 ಮೀಟರ್, ಹಿಂದಿನದಕ್ಕೆ 20. 60ರಿಂದ 23 ಮತ್ತು 46. ಇದು ಬ್ರೇಕ್ ಹಿಡಿದ ಮೇಲಿನ ದೂರ. ನೋಡಿ, ತಿಳಿದು, ಕೈ ಹೋಗೋಕೆ ಒಂದು ಸೆಕೆಂಡ್ ಹಿಡಿದ್ರೂ 60ರಲ್ಲಿ ಇನ್ನೂ 17 ಮೀಟರ್ ಸೇರಿಸಿ.

ಕಾರಣ ಇಷ್ಟೇ: ಬ್ರೇಕ್ ಹಿಡಿದಾಗ ತೂಕ ಮುಂದಿನ ಚಕ್ರಕ್ಕೆ ವಾಲುತ್ತೆ, ಹಿಂದಿನದು ಹಗುರಾಗಿ ಬೇಗ ಜಾರುತ್ತೆ.

ಧೂಳೆಬ್ಬಿಸು
ಹಾಗಾದ್ರೆ ಮುಂದಿನದು ಹಿಡಿದು ಬೀಳೋರು ಯಾಕೆ ಬೀಳ್ತಾರೆ?

ಕೋನ್‌ಕಾಕ
ಮೂರು ಕಾರಣ. ಒಂದು, ಗಬಕ್ಕಂತ ಹಿಡೀತಾರೆ. ತೂಕ ಮುಂದಕ್ಕೆ ಬರೋ ಮೊದಲೇ ಬ್ರೇಕ್ ಕಚ್ಚಿದ್ರೆ ಚಕ್ರ ಲಾಕ್ ಆಗುತ್ತೆ. ನಿಂಬೆಹಣ್ಣು ಹಿಂಡೋ ಹಾಗೆ ಮೊದಲು ಮೆಲ್ಲಗೆ ಒತ್ತಿ, ಫೋರ್ಕ್ (ಮುಂದಿನ ಚಕ್ರ ಹಿಡಿದಿರೋ ಸ್ಪ್ರಿಂಗ್ ಕಾಲು) ತಗ್ಗಿದ್ದು ಗೊತ್ತಾದ ಮೇಲೆ ಗಟ್ಟಿ ಮಾಡಬೇಕು. ಎರಡು, ಹ್ಯಾಂಡಲ್ ತಿರುಗಿದ್ದಾಗ ಹಿಡೀತಾರೆ. ಯೂ ಟರ್ನ್ ಅರ್ಧದಲ್ಲಿ 5 ಕಿ.ಮೀ. ವೇಗದಲ್ಲಿ ಮುಂದಿನ ಬ್ರೇಕ್ ಮುಟ್ಟಿದ್ರೂ ಗಾಡಿ ಅಲ್ಲೇ ಮಲಗುತ್ತೆ. ಹೊಸಬರು ಬೀಳೋದು ಹೆಚ್ಚು ಇಲ್ಲೇ. ಮೂರು, ಮರಳು, ಜಲ್ಲಿ, ಹಸಿ ಪೇಂಟ್ ಗೆರೆ.

ಇನ್ನೊಂದು, ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಓರೆಯಾಗಿ ಜಾರ್ತಿದ್ರೆ ಪಟ್ಟಂತ ಕಾಲು ತೆಗೀಬೇಡಿ. ಚಕ್ರಕ್ಕೆ ಒಮ್ಮೆಲೇ ಹಿಡಿತ ಸಿಕ್ಕಿ ಗಾಡಿ ನೆಟ್ಟಗಾಗೋ ರಭಸಕ್ಕೆ ಸವಾರ ಆಚೆ ಕಡೆಗೆ ಹಾರ್ತಾನೆ. ನೇರವಾಗಿ ಜಾರ್ತಿದ್ರೆ ಮಾತ್ರ ಸಡಿಲಿಸಿ ಮತ್ತೆ ಒತ್ತಬಹುದು.

ಎರಿಮಣ್ಣು_ಗದಗ
ಇದು ಒಪ್ಪಿದೆ ನೋಡ್ರಿ. ಡಾಂಬರಿಗೆ ಒಂದು ಕೈ, ಎರಿಗೆ ಒಂದು ಕಾಲು ಅನ್ರಿ ಮತ್ತ.

ಸ್ಪ್ಯಾನರ್_ಸಿದ್ದ
ಇಲ್ಲಿ ಎಬಿಎಸ್ (ಚಕ್ರ ಲಾಕ್ ಆಗದ ಹಾಗೆ ತಡೆಯೋ ವ್ಯವಸ್ಥೆ), ಸಿಬಿಎಸ್ (ಎರಡೂ ಬ್ರೇಕ್ ಜೋಡಿಸಿರೋ ವ್ಯವಸ್ಥೆ) ಯಾರೂ ಹೇಳಲಿಲ್ವಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಗಾಡಿಗೆ ಕನಿಷ್ಠ ಸಿಬಿಎಸ್, ಅದಕ್ಕಿಂತ ದೊಡ್ಡದಕ್ಕೆ ಎಬಿಎಸ್ ಕಡ್ಡಾಯ ಆಯ್ತು. ಹೊಸಗೇರು ಅವರ 125ರಲ್ಲಿ ಸಿಬಿಎಸ್ ಇದ್ರೆ ಹಿಂದಿನ ಪೆಡಲ್ ತುಳಿದಾಗ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತೆ. ಒಳ್ಳೇದೇ. ಆದ್ರೆ ಎಂಟರಲ್ಲಿ ಹಿಂದಿನ ಬ್ರೇಕ್ ಎಳೆದುಕೊಂಡು ತಿರುಗೋವಾಗ ಜಾಸ್ತಿ ತುಳಿದ್ರೆ ಮುಂದಿನ ಚಕ್ರವೂ ಹಿಡಿದು ಗಾಡಿ ವಾಲುತ್ತೆ. ಪಾದದ ತೂಕ ಅಷ್ಟೇ ಸಾಕು, ತುಳಿಯಬೇಡಿ.

150–160 ಸಿಸಿಯಲ್ಲಿ ಸಿಂಗಲ್ ಚಾನಲ್ ಎಬಿಎಸ್ ಅಂದ್ರೆ ಮುಂದಿನ ಚಕ್ರಕ್ಕೆ ಮಾತ್ರ. ಹಿಂದಿನದು ಲಾಕ್ ಆಗೇ ಆಗುತ್ತೆ. ಎಬಿಎಸ್ ಕೆಲಸ ಮಾಡುವಾಗ ಲಿವರ್ ಬೆರಳಿಗೆ ಟಕಟಕ ಬಡಿಯುತ್ತೆ. ಏನೋ ಮುರೀತು ಅಂತ ಬಿಟ್ಟುಬಿಡ್ತಾರೆ ಹೊಸಬರು. ಬಿಡಬಾರದು, ಹಿಡಿದೇ ಇರಬೇಕು.

ಹೊಸಗೇರು
ಇಷ್ಟೊಂದು ಉತ್ತರಕ್ಕೆ ಥ್ಯಾಂಕ್ಸ್. ಕ್ಲಚ್ ಮಿಸುಕಿಸ್ತಾ ಕೂತ್ರೆ ಪ್ಲೇಟ್ ಸುಟ್ಟುಹೋಗಲ್ವಾ? ಹಾಫ್ ಕ್ಲಚ್ ಹಾಳು ಅಂತ ಎಲ್ಲ ಕಡೆ ಕೇಳ್ತೀನಿ. ಎತ್ತರದ ಬಗ್ಗೆ ಯಾರೂ ಹೇಳಲಿಲ್ಲ.

ಸ್ಪ್ಯಾನರ್_ಸಿದ್ದ
ಬೈಕ್ ಕ್ಲಚ್ ಬಹುಪಾಲು ಆಯಿಲ್‌ನಲ್ಲಿ ಮುಳುಗಿರೋ ಹಲವು ಪ್ಲೇಟಿನದು, ಕಾರಿನ ಒಣ ಕ್ಲಚ್ ಅಲ್ಲ. ಆಕ್ಸಿಲರೇಟರ್ ಇಲ್ಲದೆ ಐಡ್ಲಿಂಗ್‌ನಲ್ಲಿ ಮಿಸುಕಿಸೋದಕ್ಕೆ ಏನೂ ಆಗಲ್ಲ. ಸುಡೋದು ಯಾವಾಗ ಅಂದ್ರೆ, ಏರಿನಲ್ಲಿ ಸಿಗ್ನಲ್ ಬಿದ್ದಾಗ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಕೊಟ್ಟು ಹಾಫ್ ಕ್ಲಚ್‌ನಲ್ಲೇ ನಿಲ್ಲೋದು. ಏರಿನಲ್ಲಿ ಹಿಂದಿನ ಬ್ರೇಕ್ ತುಳಿದು ನಿಲ್ಲಿ, ಕ್ಲಚ್ ಕಚ್ಚೋಕೆ ಶುರುವಾದಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಬ್ರೇಕ್ ಬಿಡಿ. ಗಾಡಿ ಹಿಂದಕ್ಕೆ ಒಂದಿಂಚೂ ಬರಲ್ಲ.

ಕಲಿಯೋ ಮೊದಲು ಕ್ಲಚ್ ಕೇಬಲ್ ನೋಡಿಸಿ. ಲಿವರ್ ತುದೀಲಿ 10ರಿಂದ 20 ಮಿ.ಮೀ. ಸಡಿಲ ಇರಬೇಕು, ನಿಮ್ಮ ಗಾಡಿಯ ಅಳತೆ ಜೊತೆಗೆ ಬಂದ ಪುಸ್ತಕದಲ್ಲಿರುತ್ತೆ. ಸಡಿಲವೇ ಇಲ್ಲದಿದ್ರೆ ಕ್ಲಚ್ ಪೂರ್ತಿ ಕಚ್ಚದೆ ಜಾರಿ ಸುಡುತ್ತೆ. ತೀರಾ ಸಡಿಲ ಇದ್ರೆ ಪೂರ್ತಿ ಹಿಡಿದ್ರೂ ಗಾಡಿ ಮುಂದಕ್ಕೆ ಎಳೀತಿರುತ್ತೆ, ನ್ಯೂಟ್ರಲ್ ಸಿಗಲ್ಲ. ಕಲಿಯೋರು "ನನಗೆ ಬರ್ತಿಲ್ಲ" ಅಂತ ಅಳ್ತಿರ್ತಾರೆ, ತಪ್ಪು ಕೇಬಲ್‌ದು. ಕಾರಿನ ಆಯಿಲ್ ಹಾಕಬೇಡಿ, ಜಾಸೋ ಎಂಎ ಅಥವಾ ಎಂಎ2 (ಬೈಕ್ ಆಯಿಲ್‌ನ ಗುಣಮಟ್ಟದ ಗುರುತು) ಅಂತ ಬರೆದಿರೋದನ್ನೇ ಹಾಕಿ. ಕಾರ್ ಆಯಿಲ್‌ನಲ್ಲಿ ಜಾರಿಕೆಗೆ ಸೇರಿಸೋ ರಾಸಾಯನಿಕ ಕ್ಲಚ್ ಪ್ಲೇಟನ್ನೂ ಜಾರಿಸುತ್ತೆ.

ಚಿಕ್ಕಕಾಲು_ದೊಡ್ಡಗಾಡಿ
@ಹೊಸಗೇರು ಎತ್ತರಕ್ಕೆ ಹೆದರಬೇಡಿ. ಎರಡೂ ಪಾದ ಚಪ್ಪಟೆಯಾಗಿ ಊರೋದು ಕಲಿಯೋ ಮೊದಲ ಗಂಟೆಗೆ ಮಾತ್ರ ಅನುಕೂಲ. ರಸ್ತೇಲಿ ನಿಲ್ಲೋವಾಗ ಎಡಗಾಲು ಒಂದೇ ಕೆಳಗೆ, ಬಲಗಾಲು ಬ್ರೇಕ್ ಮೇಲೆ. ಸೀಟಿನಲ್ಲಿ ಒಂದಿಷ್ಟು ಎಡಕ್ಕೆ ಜರುಗಿದ್ರೆ ಎಡಪಾದ ಪೂರ್ತಿ ಸಿಗುತ್ತೆ.

ಯಾರೂ ಹೇಳದ ವಿಷಯ ಒಂದಿದೆ. ನಮ್ಮ ರಸ್ತೆ ಮಧ್ಯೆ ಉಬ್ಬಿ ಅಂಚಿಗೆ ಇಳಿಜಾರು. ಎಡ ಅಂಚಿಗೆ ಹೋಗಿ ನಿಂತ್ರೆ ಎಡಗಾಲಿಗೆ ನೆಲ ಇನ್ನೂ ಕೆಳಗೆ ಹೋಗಿರುತ್ತೆ. ಕುಳ್ಳಗಿರೋರು ಸ್ಟಾಪ್ ಸಿಗ್ನಲ್‌ನಲ್ಲಿ ವಾಲೋದು ಇದಕ್ಕೇ. ಅಂಚಿನಿಂದ ಒಂದು ಮೀಟರ್ ಒಳಗೆ ನಿಲ್ಲಿ. ಕೊನೇ ಒಂದು ಮೀಟರ್‌ನಲ್ಲಿ ಹ್ಯಾಂಡಲ್ ನೇರ ಇರಲಿ, ಹಿಂದಿನ ಬ್ರೇಕ್‌ನಲ್ಲೇ ನಿಲ್ಲಿಸಿ. ಚಪ್ಪಲಿ ಬೇಡ, ಹಿಮ್ಮಡಿ ದಪ್ಪ ಇರೋ ಶೂ ಹಾಕಿ. ಸೀಟಿನ ಫೋಮ್ ಕೊರೆಸೋ ಆತುರ ಈಗಲೇ ಬೇಡ.

ಕೇಸರಿ_ನಾಗೋಯಾ
ಜಪಾನಿನ ಟೆಸ್ಟ್‌ನಲ್ಲಿ ಒಂದು ಸೊಗಸಾದ ಭಾಗ ಇದೆ. 30 ಸೆಂ.ಮೀ. ಅಗಲ, 15 ಮೀಟರ್ ಉದ್ದ, 5 ಸೆಂ.ಮೀ. ಎತ್ತರದ ಒಂಟಿ ದಿಮ್ಮಿ ಮೇಲೆ ಬೈಕ್ ಓಡಿಸಬೇಕು. 400 ಸಿಸಿವರೆಗಿನ ಲೈಸೆನ್ಸ್‌ಗೆ 7 ಸೆಕೆಂಡಿಗಿಂತ ಬೇಗ ದಾಟಬಾರದು, ದೊಡ್ಡ ಬೈಕಿಗೆ 10 ಸೆಕೆಂಡ್. ಚಕ್ರ ಕೆಳಗೆ ಬಿದ್ರೆ ಅಲ್ಲಿಗೇ ಫೇಲ್. ಆಕ್ಸಿಲರೇಟರ್ ಒಂದೇ ಸಮ, ಹಾಫ್ ಕ್ಲಚ್, ಹಿಂದಿನ ಬ್ರೇಕ್ ಮೇಲೆ ಹಗುರ ಪಾದ, ಕಣ್ಣು ದಿಮ್ಮಿಯ ಆಚೆ ತುದಿಗೆ. ನಮ್ಮ ಎಂಟಕ್ಕೂ ಬೇಕಾಗೋದು ಇವೇ ನಾಲ್ಕು. ಮೈದಾನದಲ್ಲಿ ಸುಣ್ಣದಲ್ಲಿ ಎರಡು ಗೆರೆ ಎಳೆದು ಅಭ್ಯಾಸ ಮಾಡಬಹುದು.

ಧೂಳೆಬ್ಬಿಸು
ನಮ್ಮೂರ ಗದ್ದೆ ಬದು ಅದಕ್ಕಿಂತ ಸಪೂರ ಇದೆ, ಯಾರೂ ಸರ್ಟಿಫಿಕೇಟ್ ಕೊಡಲ್ಲ 😀

ಕೋನ್‌ಕಾಕ
ಎಂಟಕ್ಕೆ ಇನ್ನೆರಡು ಸೇರಿಸ್ತೀನಿ. ತಲೆ ತಿರುಗಬೇಕು, ಬರೀ ಕಣ್ಣಲ್ಲ. ಗದ್ದ ಭುಜದ ಮೇಲೆ ಬಂದು, ತಿರುವು ಮುಗಿಯೋ ಜಾಗ ನೋಡ್ತಿರಬೇಕು. ಮುಂದಿನ ಚಕ್ರ ನೋಡಿದವರ ಕಾಲು ನೆಲಕ್ಕೆ ಬಿತ್ತು ಅಂತಲೇ. ಎರಡನೇದು, ನಿಧಾನ ತಿರುವಿನಲ್ಲಿ ಗಾಡಿ ಒಳಗೆ ವಾಲಬೇಕು, ಮೈ ನೆಟ್ಟಗಿರಬೇಕು.

ಗುರುತಿಗೆ ಇಟ್ಟಿಗೆ, ಕಲ್ಲು ಇಡಬೇಡಿ. ಚಕ್ರ ಹತ್ತಿದ್ರೆ ಬೀಳೋದೇ. ಖಾಲಿ ನೀರಿನ ಬಾಟಲಿಗೆ ಒಂದು ಹಿಡಿ ಮರಳು ಹಾಕಿ ನಿಲ್ಲಿಸಿ, 6 ಮೀಟರ್‌ಗೊಂದು. ಸಲೀಸಾದ ಮೇಲೆ ಹತ್ತಿರ ಮಾಡಿ. ಬ್ರೇಕ್ ಅಭ್ಯಾಸ ಮಣ್ಣಿನ ಮೈದಾನದಲ್ಲಿ ಬೇಡ. ಅಲ್ಲಿ ಕೈಗೆ ತಪ್ಪು ಲೆಕ್ಕ ಕೂರುತ್ತೆ. ಕಾಂಕ್ರೀಟ್ ಅಥವಾ ಡಾಂಬರಿನ ಖಾಲಿ ಜಾಗ ಹುಡುಕಿ, ಮೊದಲು ಒಮ್ಮೆ ಪೊರಕೆ ಹೊಡೆಸಿ.

ಕಡಲತಡಿ
ಮಾರಾಯ್ರೆ, ತಿರುವಿನ ಬಗ್ಗೆ ಅರ್ಧ ಮಾತ್ರ ಹೇಳಿದ್ದೀರಿ. ನಡೆಯುವ ವೇಗದಲ್ಲಿ ಹ್ಯಾಂಡಲ್ ತಿರುಗಿಸಿದ ಕಡೆಗೆ ಗಾಡಿ ಹೋಗ್ತದೆ. 25ರ ಮೇಲೆ ಹಾಗಲ್ಲ. ಬಲಕ್ಕೆ ಹೋಗಬೇಕಾದ್ರೆ ಬಲಗೈ ಹಿಡಿಯನ್ನು ಮುಂದಕ್ಕೆ ಮೆಲ್ಲ ಒತ್ತಬೇಕು, ಗಾಡಿ ಬಲಕ್ಕೆ ವಾಲ್ತದೆ. ಓಡಿಸುವವರೆಲ್ಲ ಗೊತ್ತಿಲ್ಲದೆಯೇ ಇದನ್ನು ಮಾಡ್ತಾರೆ. ಆದ್ರೆ ಎದುರಿಗೆ ಹೊಂಡ ಬಂದಾಗ ಗೊತ್ತಿಲ್ಲದವರು ಹ್ಯಾಂಡಲ್ ಎಳೆದು ಹೊಂಡಕ್ಕೇ ಹೋಗ್ತಾರೆ. ಪಕ್ಕಕ್ಕೆ ಸರಿಯುವ ಅಭ್ಯಾಸ ಅಂದ್ರೆ ಇದೇ: ಒತ್ತು, ದಾಟು, ಇನ್ನೊಂದು ಕಡೆ ಒತ್ತು. ಸರಿಯುವಾಗ ಬ್ರೇಕ್ ಇಲ್ಲ. ಬ್ರೇಕ್ ಮೊದಲು ಅಥವಾ ಆಮೇಲೆ.

ಘಾಟಿಗೆ ಹೋಗುವುದಾದ್ರೆ ಶಿರಾಡಿ, ಚಾರ್ಮಾಡಿ ಯಾವುದೇ ಇರಲಿ, ಇಳಿಯುವಾಗ ಕ್ಲಚ್ ಹಿಡಿದು ಉರುಳಬೇಡಿ. ಯಾವ ಗೇರಲ್ಲಿ ಹತ್ತುತ್ತೀರೋ ಅದರಲ್ಲೇ ಇಳಿಯಿರಿ. ಬ್ರೇಕ್ ತಿರುವಿನ ಮೊದಲೇ ಮುಗಿಯಬೇಕು. ಹೊಸ ಮಳೆಯ ಮೊದಲ ಅರ್ಧ ಗಂಟೆ ರಸ್ತೆಯ ಎಣ್ಣೆ ಮೇಲೆ ಬಂದು ಭಯಂಕರ ಜಾರ್ತದೆ. ಆಮೇಲೆ ತೊಳೆದು ಹೋಗ್ತದೆ. ಮರದ ನೆರಳಿನ ಅಂಚಿನಲ್ಲಿ ಪಾಚಿ ಇರ್ತದೆ, ಅದು ಹೋಗುವುದಿಲ್ಲ.

ಸಿಗ್ನಲ್‌ಸುಬ್ಬಿ
ಘಾಟಿ ಆಮೇಲೆ, ಮೊದಲು ಬೆಂಗಳೂರು ದಾಟಲಿ 🙏 ಬಸ್ಸಿನ ಎಡಗಡೆಯಿಂದ ನುಗ್ಗಬೇಡಿ. ಸ್ಟಾಪ್ ಹತ್ರ ಬಸ್ ಎಡಕ್ಕೇ ಬರುತ್ತೆ, ಬಾಗಿಲೂ ಅಲ್ಲೇ. ಮುಂದಿನ ಗಾಡಿ ಒಂದು ಕಂಬ ದಾಟಿದಾಗ "ಸಾವಿರದ ಒಂದು, ಸಾವಿರದ ಎರಡು" ಅಂತ ಎಣಿಸಿ. ಅಷ್ಟರೊಳಗೆ ನೀವೂ ಕಂಬ ದಾಟಿದ್ರೆ ತೀರಾ ಹತ್ರ ಇದ್ದೀರಿ ಅಂತ. ಮಳೇಲಿ ನಾಲ್ಕು ಎಣಿಸಿ.

ಧೂಳೆಬ್ಬಿಸು
ಎರಡು ಸೆಕೆಂಡ್ ಜಾಗ ಬಿಟ್ರೆ ಸಿಲ್ಕ್ ಬೋರ್ಡ್‌ನಲ್ಲಿ ಅದರೊಳಗೆ ಮೂರು ಆಟೋ ಬರ್ತವೆ.

ಸಿಗ್ನಲ್‌ಸುಬ್ಬಿ
ಬರಲಿ ಬಿಡಿ. ಮತ್ತೆ ಜಾಗ ಮಾಡ್ಕೊಳ್ಳಿ. ಆಟೋ ಹಿಂದೆ ಒಂದು ಗಜ ಬಿಟ್ಟು ಹೋದ್ರೆ ಅದು ತಪ್ಪಿಸಿದ ಗುಂಡಿ ನಿಮಗೆ ಕಾಣೋದೇ ಚಕ್ರ ಇಳಿದ ಮೇಲೆ.

ಹೊಸಗೇರು
ಸರಿ, ತರಬೇತಿಗೇ ಸೇರ್ತೀನಿ. ಒಳ್ಳೇ ಕಡೆ ಅಂತ ಹೇಗೆ ಗುರುತಿಸೋದು? ಹಿಂದೆ ಯಾರನ್ನಾದ್ರೂ ಕೂರಿಸಿಕೊಂಡು ಅಭ್ಯಾಸ ಮಾಡಬಹುದಾ?

ಆರ್‌ಟಿಒ_ಅಲೆಮಾರಿ
ಎಲ್‌ಎಲ್‌ಆರ್‌ನಲ್ಲಿ ಹಿಂದೆ ಕೂರಬಹುದಾದದ್ದು ಕಲಿಸೋರು ಮಾತ್ರ, ಅವರ ಹತ್ರ ಆ ವರ್ಗದ ಲೈಸೆನ್ಸ್ ಇರಬೇಕು. ತಂಗಿ, ಗೆಳತಿ, ತರಕಾರಿ ಚೀಲ ಹಿಡಿದ ಅಮ್ಮ ಯಾರೂ ಬೇಡ.

ಲೀಡ್ಸ್_ಲಿಂಗಣ್ಣ
ಹೋಲಿಕೆಗೆ ಬ್ರಿಟನ್ನಿನ ಸಿಬಿಟಿ (ಬೈಕ್ ಸವಾರರ ಕಡ್ಡಾಯ ಮೂಲ ತರಬೇತಿ) ನೋಡಿ. 1990ರಿಂದ ಕಡ್ಡಾಯ. ಐದು ಭಾಗ: ಪರಿಚಯ ಮತ್ತು ಕಣ್ಣಿನ ಪರೀಕ್ಷೆ, ನಿಂತ ಗಾಡಿಯ ಪರಿಚಯ, ಆವರಣದೊಳಗಿನ ಸವಾರಿ, ರಸ್ತೆಯ ಪಾಠ, ಕನಿಷ್ಠ ಎರಡು ಗಂಟೆ ನಿಜವಾದ ರಸ್ತೆ. ಆವರಣದಲ್ಲಿ ಒಬ್ಬ ತರಬೇತುದಾರನಿಗೆ ನಾಲ್ಕು ಜನ, ರಸ್ತೆಗೆ ಇಳಿದ್ರೆ ಎರಡೇ ಜನ. ಒಂದು ಭಾಗ ತೃಪ್ತಿಯಾಗದೆ ಮುಂದಿನದಕ್ಕೆ ಬಿಡಲ್ಲ. ಸರ್ಟಿಫಿಕೇಟ್ ಎರಡು ವರ್ಷಕ್ಕೆ ಮಾತ್ರ, ಅಷ್ಟರಲ್ಲಿ ಪೂರ್ತಿ ಟೆಸ್ಟ್ ಪಾಸಾಗದಿದ್ರೆ ಮತ್ತೆ ಮಾಡಬೇಕು. ಪೂರ್ತಿ ಟೆಸ್ಟ್‌ನ ಮೊದಲ ಭಾಗದಲ್ಲಿ 50 ಕಿ.ಮೀ. ವೇಗದಿಂದ ತುರ್ತು ಬ್ರೇಕ್, ಅದೇ ವೇಗದಲ್ಲಿ ಅಡ್ಡಿ ತಪ್ಪಿಸೋದು ಎರಡೂ ಇವೆ.

ಹಾಗಾಗಿ ಸೇರೋ ಮೊದಲು ಕೇಳಿ: ಒಬ್ಬರಿಗೆ ಎಷ್ಟು ಜನ? ಗಾಡಿ ಯಾರದ್ದು, ಲೆಗ್ ಗಾರ್ಡ್ ಇದೆಯಾ? ಬ್ರೇಕ್ ಅಭ್ಯಾಸ ಎಷ್ಟು ವೇಗದವರೆಗೆ ಮಾಡಿಸ್ತೀರಿ? ಮೂರನೇದಕ್ಕೆ "ಅದೆಲ್ಲ ಓಡಿಸ್ತಾ ಓಡಿಸ್ತಾ ಬರುತ್ತೆ" ಅಂದ್ರೆ ಬೇರೆ ಕಡೆ ನೋಡಿ.

ಚಿಕ್ಕಕಾಲು_ದೊಡ್ಡಗಾಡಿ
ಹೆಲ್ಮೆಟ್ ಅವರದ್ದು ಹಾಕ್ಕೊಳ್ಳಬೇಡಿ, ನಿಮ್ಮದೇ ತಗೊಂಡು ಹೋಗಿ. ಐಎಸ್ 4151 (ಹೆಲ್ಮೆಟ್‌ಗೆ ಇರೋ ಭಾರತೀಯ ಮಾನಕ) ಗುರುತು ಇರಲಿ. ಪಟ್ಟಿ ಕಟ್ಟಿ ಹಿಂದಿನಿಂದ ಮೇಲಕ್ಕೆ ಎತ್ತಿ ನೋಡಿ, ಕಳಚಿ ಬಂದ್ರೆ ಅಳತೆ ತಪ್ಪು. ಕೆನ್ನೆ ಸ್ವಲ್ಪ ಒತ್ತಿದ ಹಾಗೆ ಇರಬೇಕು.

ಸ್ಪ್ಯಾನರ್_ಸಿದ್ದ
ಗಾಡಿ ಯಾರದ್ದು ಅಂತ ಕೇಳೋದಕ್ಕೆ ಇನ್ನೊಂದು ಕಾರಣ. ಕೆಲವು 100 ಸಿಸಿ ಗಾಡೀಲಿ ಎಲ್ಲಾ ಗೇರೂ ಒಂದೇ ದಿಕ್ಕಿಗೆ. ಉಳಿದವುಗಳಲ್ಲಿ ಒಂದನೇದು ಕೆಳಗೆ, ಮಿಕ್ಕವು ಮೇಲಕ್ಕೆ. ಅದರಲ್ಲಿ ಕಲಿತು ಇದಕ್ಕೆ ಬಂದ್ರೆ ಗೇರ್ ಏರಿಸೋಕೆ ಹೋಗಿ ಇಳಿಸ್ತೀರಿ, ಹಿಂದಿನ ಚಕ್ರ ಕಿರ್ರಂತ ಜಾರುತ್ತೆ. ತಗೊಳ್ಳೋ ಗಾಡಿಯ ಗೇರ್ ಕ್ರಮ ಇರೋದ್ರಲ್ಲೇ ಕಲೀರಿ.

ಹೊಸಗೇರು
ಶೋರೂಮಿನಲ್ಲಿ ಕೂತು ನೋಡ್ದೆ. ಇಂಜಿನ್ ಆಫ್ ಇದ್ದಾಗ ಒಂದರಿಂದ ಎರಡಕ್ಕೆ ಹೋಗೋದೇ ಇಲ್ಲ. ಕೆಟ್ಟಿದೆಯಾ?

ಸ್ಪ್ಯಾನರ್_ಸಿದ್ದ
ಕೆಟ್ಟಿಲ್ಲ. ನಿಂತಿದ್ದಾಗ ಒಳಗಿನ ಗೇರಿನ ಹಲ್ಲು ಎದುರಿನ ಕಿಂಡಿಗೆ ನೇರ ಬರದೆ ತಡೆದು ನಿಂತಿರುತ್ತೆ. ಕ್ಲಚ್ ಹಿಡಿದು ಗಾಡಿನ ಅರ್ಧ ಅಡಿ ಹಿಂದೆ ಮುಂದೆ ಅಲ್ಲಾಡಿಸಿ, ಟಕ್ ಅಂತ ಬೀಳುತ್ತೆ. ಸಿಗ್ನಲ್‌ನಲ್ಲಿ ನ್ಯೂಟ್ರಲ್ ಸಿಗದಿದ್ರೂ ಇದೇ ಕಾರಣ ಇರಬಹುದು. ಇಂಜಿನ್ ಓಡ್ತಿದ್ರೆ ಕ್ಲಚ್ ಕೂದಲೆಳೆಯಷ್ಟು ಬಿಟ್ಟು ಮತ್ತೆ ಹಿಡಿದು, ಪಾದದ ತುದಿಯಿಂದ ಮೆಲ್ಲಗೆ ಎತ್ತಿ. ಇನ್ನೂ ಸುಲಭ ಅಂದ್ರೆ ಗಾಡಿ ಪೂರ್ತಿ ನಿಲ್ಲೋ ಮೊದಲೇ, ಉರುಳ್ತಿರುವಾಗಲೇ ನ್ಯೂಟ್ರಲ್‌ಗೆ ತನ್ನಿ.

ಕೋನ್‌ಕಾಕ
@ಸ್ಪ್ಯಾನರ್_ಸಿದ್ದ ಕೊನೇ ಸಲಹೆ ಹೊಸಬರಿಗೆ ಬೇಡ. ಒಂದನೇ ಗೇರಲ್ಲೇ, ಕ್ಲಚ್ ಹಿಡಿದೇ ನಿಲ್ಲಲಿ. ಹಿಂದಿನ ಗಾಡಿ ನಿಂತಿದ್ದನ್ನ ಕನ್ನಡಿಯಲ್ಲಿ ನೋಡಿದ ಮೇಲೆ ನ್ಯೂಟ್ರಲ್. ಹಿಂದಿನಿಂದ ಯಾರಾದ್ರೂ ನುಗ್ಗಿ ಬಂದ್ರೆ ತಪ್ಪಿಸಿಕೊಳ್ಳೋಕೆ ಗೇರಲ್ಲಿ ಇರಬೇಕು.

ಸ್ಪ್ಯಾನರ್_ಸಿದ್ದ
120 ಸೆಕೆಂಡಿನ ಸಿಗ್ನಲ್‌ನಲ್ಲಿ ಕ್ಲಚ್ ಹಿಡಿದು ಕೂತ್ರೆ ಎಡಗೈ ಹೋಗುತ್ತೆ ಸ್ವಾಮಿ.

ಕೋನ್‌ಕಾಕ
ಮೊದಲ ಹತ್ತು ಸೆಕೆಂಡ್ ಸಾಕು ಅಂದೆ. ಹಿಂದೆ ಒಂದು ಕಾರ್ ಬಂದು ನಿಂತಿತೋ, ನ್ಯೂಟ್ರಲ್ ಮಾಡಿ, ಕೈ ಬಿಡಿ. ಬಲಗಾಲು ಮಾತ್ರ ಬ್ರೇಕ್ ಮೇಲೇ ಇರಲಿ, ಹಿಂದಿನವರಿಗೆ ಕೆಂಪು ದೀಪ ಕಾಣ್ತಿರುತ್ತೆ.